ಕೌಂಟರಿನ ಎಡತುದಿ

ಜೂನ್ 3, ಸೋಮವಾರ

ಬೆಳಿಗ್ಗೆ 148/92. ಸಂಜೆ 152/94.

ರಕ್ತದೊತ್ತಡವನ್ನು ದಿನಕ್ಕೆರಡು ಸಲ ಬರೆದಿಡಬೇಕೆಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆಂದು ಯಾವುದೋ ಔಷಧಿ ಕಂಪನಿಯವರು ಪುಕ್ಕಟೆ ಕೊಟ್ಟಿದ್ದ ಈ ಡೈರಿ ಹೊರತೆಗೆದೆ. ಎರಡು ಸಂಖ್ಯೆ ಬರೆದು ಇಡೀ ಪುಟ ಖಾಲಿ ಬಿಡುವುದು ನನ್ನ ಕೈಲಾಗದ ಕೆಲಸ. ಇಪ್ಪತ್ತಾರು ವರ್ಷ ಮೆಡಿಕಲ್ ಶಾಪ್ ನಡೆಸಿದವನು ನಾನು, ಖಾಲಿ ಜಾಗ ಕಂಡರೆ ಏನಾದರೂ ತುಂಬಿಸಬೇಕೆನಿಸುತ್ತದೆ.

ಒತ್ತಡ ಏರಿದ್ದಕ್ಕೆ ಕಾರಣವೂ ಇದೆ. ನನ್ನ ತಂಗಿ ನನ್ನನ್ನು ಒಂದು ಮಾತು ಕೇಳದೆ ಅಂಗಡಿಯ ಹಿಂದಿನ ಕೋಣೆಯನ್ನು ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಬಿಟ್ಟುಕೊಟ್ಟಿದ್ದಾಳೆ. ಗುರುವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಕೇಂದ್ರದ ಚಾವಣಿ ರಿಪೇರಿಯಲ್ಲಿದೆಯಂತೆ, ಅದು ಮುಗಿಯುವ ತನಕ ಎಲ್ಲಾದರೂ ಹೆಂಗಸರನ್ನು ಕೂರಿಸಿ ಮಾತಾಡಬೇಕಂತೆ. ಏನು ಮಾತು ಎಂದು ಕೇಳಿದೆ.

“ಹೆಂಗಸ್ರ ಮಾತು. ನಿನಗ್ಯಾಕೆ?” ಎಂದಳು.

ಚಿಕ್ಕಂದಿನಲ್ಲಿ ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದಳೆಂದು ಇವಳನ್ನು ನಾನು ಗಿಣಿ ಎಂದು ಕರೆದೆ. ಈಗ ಅವಳಿಗೆ ನಲವತ್ತಾರು, ಶಾಲೆಯ ವ್ಯಾನ್ ಓಡಿಸುತ್ತಾಳೆ, ಹದಿನಾಲ್ಕು ಮಕ್ಕಳ ಗಲಾಟೆಯ ಮೇಲೆ ಇವಳ ದನಿಯೇ ಕೇಳಿಸುತ್ತದೆ. ಇವಳಿಗೆ ಬಾಯಿ ಕೊಟ್ಟು ಗೆದ್ದವರಿಲ್ಲ.

ಜೂನ್ 6, ಗುರುವಾರ

144/90. ಸಂಜೆ ನೋಡಲಿಲ್ಲ.

ಹದಿನೆಂಟು ಜನ ಬಂದಿದ್ದರು. ಶಟರ್ ಅರ್ಧ ಇಳಿಸಿ ನಾನು ಕೌಂಟರಿನಲ್ಲೇ ಕೂತೆ. ನಡುವೆ ಇರುವುದು ಪ್ಲೈವುಡ್ ಗೋಡೆ. ನರ್ಸಮ್ಮ ಹೆಂಗಸರ ತಿಂಗಳ ವಿಷಯದ ಆ ಪದವನ್ನು ಮೊದಲ ಐದು ನಿಮಿಷದಲ್ಲೇ ಹನ್ನೊಂದು ಸಲ ಹೇಳಿದಳು, ರಸ್ತೆಯಲ್ಲಿ ಹೋಗುವವರಿಗೂ ಕೇಳಿಸುವ ಹಾಗೆ. ನಾನು ರೇಡಿಯೊ ಹಚ್ಚಿದೆ. ಒಳಗಿನಿಂದ ಗಿಣಿಯ ದನಿ ಬಂತು: “ಅಣ್ಣ, ಅದನ್ನ ಸ್ವಲ್ಪ ಆರಿಸ್ತೀಯಾ? ಇಲ್ಲಿ ಏನೂ ಕೇಳಿಸ್ತಿಲ್ಲ.”

ಅವಳೇಕೆ ಒಳಗೆ ಕೂತಿದ್ದಳೋ. ಸಿರಪ್ಪಿನ ಪೆಟ್ಟಿಗೆಗಳ ಮೇಲೆ ಯಾರೂ ಕೂರದಿರಲಿ ಎಂದು ಕಾಯುತ್ತಿದ್ದಿರಬೇಕು.

ಎಲ್ಲರೂ ಹೋದ ಮೇಲೆ ನರ್ಸಮ್ಮ ಕೌಂಟರಿನ ಎಡತುದಿಯಲ್ಲಿ ನಿಂತು ಅಲ್ಲಿದ್ದ ಪೇಪರಿನ ಪೊಟ್ಟಣಗಳನ್ನು ನೋಡುತ್ತಿದ್ದಳು. ನನ್ನ ವ್ಯವಸ್ಥೆಯನ್ನು ವಿವರಿಸಿದೆ. ಇದು ನಾನೇ ಮಾಡಿದ್ದು, ಊರಿನಲ್ಲಿ ಬೇರೆ ಯಾವ ಅಂಗಡಿಯಲ್ಲೂ ಇಲ್ಲ. ಆ ಸಾಮಾನು ಬೇಕಾದ ಹೆಂಗಸರು ತೂಕದ ಯಂತ್ರದ ಪಕ್ಕ, ಎಡತುದಿಯಲ್ಲಿ ಬಂದು ನಿಂತರೆ ಸಾಕು. ಬಾಯಿ ಬಿಡಬೇಕಾಗಿಲ್ಲ. ನಾನು ತಲೆ ಎತ್ತುವುದೂ ಇಲ್ಲ. ದಿನಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಕಪ್ಪು ಚೀಲಕ್ಕೆ ಹಾಕಿಟ್ಟದ್ದನ್ನು ಮುಂದೆ ತಳ್ಳುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬಳೇ ಒಬ್ಬಳಿಗೂ ನನ್ನ ಅಂಗಡಿಯಲ್ಲಿ ಮುಜುಗರವಾಗಿಲ್ಲ.

“ಚೆನ್ನಾಗಿದೆ ಸರ್. ಆದ್ರೆ ಇಲ್ಲಿ ನಿಂತವ್ರು ಏನಾದ್ರೂ ಕೇಳ್ಬೇಕು ಅಂದ್ರೆ?”

“ಕೇಳೋಕೇನಿದೆ?”

ಅವಳು ನಕ್ಕಳು. ನಗುವಂಥದ್ದು ನಾನೇನೂ ಹೇಳಿರಲಿಲ್ಲ.

ಜೂನ್ 12, ಬುಧವಾರ

158/98. ಇದಕ್ಕೂ ಕಾರಣವಿದೆ.

ಸಗಟು ವ್ಯಾಪಾರಿಯ ಬಳಿ ಮಾಲು ತರಲು ಹೋಗಿದ್ದೆ. ಬಸ್ ನಿಲ್ದಾಣದ ಮೆಡಿಕಲ್‌ನವನು ಸಿಕ್ಕ. ಸಿರಪ್ಪನ್ನು ಬಿಸಿಲಿಗೆ ಇಡುವ ಆಸಾಮಿ. ಮೆಲ್ಲನೆ ಪಕ್ಕಕ್ಕೆ ಬಂದು, “ತಂಗಿಯವ್ರಿಗೆ ಹುಷಾರಿಲ್ವಾ?” ಎಂದ. ಯಾಕೆ ಎಂದೆ. “ತಿಂಗಳಲ್ಲಿ ನಾಲ್ಕೈದು ಸಲ ನಮ್ಮಲ್ಲಿಗೆ ಬರ್ತಾರೆ. ದೊಡ್ಡ ಸೈಜೇ ಬೇಕು ಅಂತಾರೆ, ಒಂದೊಂದ್ಸಲ ಮೂರ್ಮೂರು ಪ್ಯಾಕೆಟ್. ನೀವೇನೂ ತಿಳ್ಕೋಬೇಡಿ, ಕೇಳ್ದೆ ಅಷ್ಟೆ.”

ಮೈಯೆಲ್ಲ ಉರಿದುಹೋಯಿತು. ಮನೆಯಲ್ಲೇ ಅಂಗಡಿಯಿರುವಾಗ ನನ್ನ ಸ್ವಂತ ತಂಗಿ ನಾಲ್ಕು ಸ್ಟಾಪ್ ಬಸ್ಸಿನಲ್ಲಿ ಹೋಗಿ ಇವನ ಹತ್ತಿರ ಕೊಳ್ಳುತ್ತಾಳೆ. ಊರಿಗೆಲ್ಲ ನನ್ನ ಮೇಲೆ ನಂಬಿಕೆ, ಮನೆಯವಳಿಗಿಲ್ಲ.

ಸತ್ಯ ಹೇಳಬೇಕೆಂದರೆ ಅವಳಿಗೆ ಅದೆಲ್ಲ ನಿಂತಿದೆ ಎಂದುಕೊಂಡಿದ್ದೆ. ನನ್ನ ಹೆಂಡತಿ ಇದ್ದಾಗ ಅವಳೇ ತನಗೂ ಗಿಣಿಗೂ ಬೇಕಾದ್ದನ್ನು ಕಪಾಟಿನಿಂದ ಒಯ್ಯುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷವಾಯಿತು. ಆಮೇಲೆ ಕಪಾಟಿನಿಂದ ಮನೆಗೆಂದು ಒಂದೂ ಹೋಗಿಲ್ಲ. ವಯಸ್ಸಾಯಿತಲ್ಲ, ಮುಗಿದಿರಬೇಕು ಎಂದು ನಾನೇ ತೀರ್ಮಾನ ಮಾಡಿದ್ದೆ.

ಗಿಣಿಗೆ ಏನೂ ಹೇಳಲಿಲ್ಲ. ಏನೆಂದು ಹೇಳುವುದು.

ಜೂನ್ 13, ಗುರುವಾರ

ಇವತ್ತು ರೇಡಿಯೊ ಹಚ್ಚಲಿಲ್ಲ.

ನರ್ಸಮ್ಮ ಒಂದು ಪೆಟ್ಟಿಗೆ ತಂದಿದ್ದಳು. ಪ್ಯಾಡು, ಒಗೆದು ಬಳಸುವ ಬಟ್ಟೆ, ಒಳಗೆ ಇಟ್ಟುಕೊಳ್ಳುವ ಕಪ್ಪು, ಎಲ್ಲ ಕೈಯಿಂದ ಕೈಗೆ ಕೊಟ್ಟು ತೋರಿಸಿದಳು ಎಂದು ಕಾಣುತ್ತದೆ, ಒಳಗೆ ಒಂದೇ ನಗು. ಮೇಲಿನ ಮನೆಯ ಟೈಲರಮ್ಮ, “ನನಗೆ ಬಟ್ಟೆನೇ ಸರಿ ಕಣಮ್ಮ, ಆ ಬಟ್ಟಲು ಗಿಟ್ಟಲು ನನ್ನ ಕೈಲಾಗಲ್ಲ” ಎಂದಳು. ನರ್ಸಮ್ಮ ಬೈಯುತ್ತಾಳೆ ಎಂದುಕೊಂಡೆ. “ಸರಿ, ಬಟ್ಟೆನೇ ಇಟ್ಕೊಳ್ಳಿ. ಸೋಪು ಹಾಕಿ ಒಗೀರಿ, ಬಿಸಿಲಲ್ಲಿ ಒಣಗಿಸಿ. ಸೀರೆ ಕೆಳಗೆ ಬಚ್ಚಿಡ್ಬೇಡಿ, ಅಷ್ಟೇ ನಾನು ಕೇಳೋದು. ಮೈ ನಿಮ್ಮದು, ಒಗ್ಗೋದು ನಿಮಗೇ ಗೊತ್ತಾಗ್ಬೇಕು” ಎಂದಳು.

ಆಮೇಲೆ ಅವಳು ಹೇಳಿದ್ದನ್ನು ನಾನು ಬಿಲ್ಲಿನ ಹಿಂದೆ ಗುರುತು ಹಾಕಿಕೊಂಡೆ. ಗಂಟೆ ಎರಡು ಗಂಟೆಗೇ ಪ್ಯಾಡು ನೆನೆದುಹೋಗುವುದು. ಎಂಟು ದಿನ ದಾಟುವುದು. ಗಟ್ಟಿ ಹೆಪ್ಪು ಬೀಳುವುದು. ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು. ಇವು ವಯಸ್ಸಿನ ಲಕ್ಷಣ ಅಲ್ಲ, ಸುಮ್ಮನೆ ಸಹಿಸಬೇಡಿ, ಡಾಕ್ಟರಿಗೆ ತೋರಿಸಿ.

ತಿಂಗಳಿಗೆ ನಾಲ್ಕೈದು ಸಲ, ಮೂರ್ಮೂರು ಪ್ಯಾಕೆಟ್ಟು. ಗಿಣಿ ಈಗ ಮೂರು ತಿಂಗಳಿಂದ ವ್ಯಾನಿನ ಸೀಟಿಗೆ ಟವೆಲ್ ಹಾಕುತ್ತಿದ್ದಾಳೆ, ಬೆವರಿಗೆ ಎಂದಿದ್ದಳು. ಮಹಡಿ ಹತ್ತುವಾಗ ನಡುವೆ ನಿಂತು ಕಿಟಕಿಯಲ್ಲಿ ಯಾರನ್ನೋ ನೋಡುವ ಹಾಗೆ ಮಾಡುತ್ತಾಳೆ.

ನನಗೆ ಭಯವಾಗಿದೆ. ಇದನ್ನು ಬೇರೆ ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೆ ಇಲ್ಲಿ ಬರೆದೆ.

ಜೂನ್ 15, ಶನಿವಾರ

ಕಬ್ಬಿಣದ ಮಾತ್ರೆಯ ಒಂದು ಪಟ್ಟಿಯನ್ನು ಅವಳ ತಟ್ಟೆಯ ಪಕ್ಕ ಇಟ್ಟೆ.

“ಇದ್ಯಾರು ಇಟ್ಟಿದ್ದು?”

“ಎಕ್ಸ್‌ಪೈರಿ ಹತ್ತಿರ ಬಂದಿದೆ. ಹಾಳಾಗೋ ಬದಲು ನುಂಗು.”

ಅವಳು ಪಟ್ಟಿ ತಿರುಗಿಸಿ ನೋಡಿದಳು. ಇನ್ನೂ ಎರಡು ವರ್ಷ ಇತ್ತು. ಆದರೂ ಒಂದನ್ನು ನುಂಗಿದಳು. ನಾನು ಮಹಾ ಬುದ್ಧಿವಂತ.

ಜೂನ್ 18, ಮಂಗಳವಾರ

ಬೆಳಿಗ್ಗೆ ಎಂಟೂಕಾಲಿಗೆ ಫೋನ್ ಬಂತು. ಗಿಣಿ ವ್ಯಾನನ್ನು ರಸ್ತೆಯ ಪಕ್ಕಕ್ಕೆ ಹಾಕಿ, ಕೀಲಿ ತೆಗೆದು, ಶಾಲೆಗೆ ಫೋನ್ ಮಾಡಿ, ಆಮೇಲೆ ಸ್ಟೀರಿಂಗಿನ ಮೇಲೆ ತಲೆ ಇಟ್ಟಿದ್ದಳಂತೆ. ಒಂಬತ್ತು ಮಕ್ಕಳು ಹಿಂದೆ. ಎಲ್ಲರನ್ನೂ ಇನ್ನೊಂದು ವ್ಯಾನಿನವರು ಕರೆದೊಯ್ದರು. ಯಾರಿಗೂ ಏನೂ ಆಗಿಲ್ಲ. ನಾನು ಅಂಗಡಿಗೆ ಬೀಗವನ್ನೂ ಹಾಕದೆ ಓಡಿದೆ.

ಟವೆಲ್ ನೋಡಿದೆ. ಬೆವರಲ್ಲ.

ನರ್ಸಮ್ಮ ಕೇಂದ್ರದ ವರಾಂಡದಲ್ಲೇ ಬೆರಳು ಚುಚ್ಚಿ ರಕ್ತ ನೋಡಿದಳು. ಹನ್ನೆರಡರ ಮೇಲಿರಬೇಕಾದ ಹಿಮೋಗ್ಲೋಬಿನ್ ಆರೂ ಮುಕ್ಕಾಲು. “ಇಷ್ಟರಲ್ಲಿ ಇವ್ರು ಗಾಡಿ ಓಡಿಸ್ತಿದ್ದದ್ದೇ ದೊಡ್ಡದು” ಎಂದಳು. ಗಿಣಿ ಗೋಡೆ ಕಡೆ ಮುಖ ಮಾಡಿಕೊಂಡಿದ್ದಳು. ಶಾಲೆಯವರು ಬದಲಿ ಡ್ರೈವರ್ ನೋಡಿದ್ದಾರೆ, ಇವಳಿಗಾಗಿ ಎರಡು ತಿಂಗಳು ಕಾಯುತ್ತಾರಂತೆ. ಅವಳು ಕೇಳಿದ ಮೊದಲ ಪ್ರಶ್ನೆ ಅದೇ, ವ್ಯಾನ್ ಬೇರೆಯವರಿಗೆ ಕೊಟ್ಟುಬಿಡ್ತಾರಾ ಅಂತ. ಅಷ್ಟು ಇಷ್ಟವಿದೆ ಅವಳಿಗೆ ಆ ಕೆಲಸ. ಹನ್ನೊಂದು ವರ್ಷದಿಂದ ಅವಳದ್ದೆಂದು ಇರುವುದು ಅದೊಂದೇ.

ಜೂನ್ 19, ಬುಧವಾರ

ನರ್ಸಿಂಗ್ ಹೋಮಿನ ನನ್ನ ಸ್ನೇಹಿತ ಡಾಕ್ಟರಿಗೆ ಫೋನ್ ಮಾಡಿದೆ. ಅರ್ಧ ಮಾತಲ್ಲೇ ತಡೆದ. “ಈ ವಯಸ್ಸಲ್ಲಿ ಗರ್ಭಕೋಶ ಇಟ್ಕೊಂಡು ಏನ್ಮಾಡ್ತಾಳೆ? ತೆಗೆದುಬಿಡೋಣ. ಶುಕ್ರವಾರ ಕರ್ಕೊಂಡು ಬಾ, ನಿನ್ನ ತಲೆನೋವೂ ಹೋಗುತ್ತೆ.” ಎದೆಯ ಭಾರ ಇಳಿದ ಹಾಗಾಯಿತು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಎಂದು ನಿಗದಿ ಮಾಡಿ, ಚೀಲಕ್ಕೆ ಅವಳ ಎರಡು ಜೊತೆ ಬಟ್ಟೆಯನ್ನೂ ಹಾಕಿಟ್ಟೆ.

ಚೀಲ ನೋಡಿ ಎಲ್ಲಿಗೆ ಎಂದಳು. ಹೇಳಿದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಭ್ಯಾಸವಿತ್ತು.

“ಅಣ್ಣ, ನನ್ನ ಹೊಟ್ಟೆ ವಿಷಯ ನಿನ್ನ ಸ್ನೇಹಿತನ ಹತ್ರ ಮಾತಾಡಿದ್ಯಾ?”

“ನಿನ್ನ ಒಳ್ಳೇದಕ್ಕೇ ತಾನೇ?”

“ಅವ್ರು ನನ್ನನ್ನ ನೋಡಿದಾರಾ? ಒಂದು ಪರೀಕ್ಷೆ ಮಾಡಿದಾರಾ? ನೀನು ನನ್ನ ಹತ್ರ ಈ ವಿಷಯ ಒಂದು ಮಾತು ಆಡಿದೀಯಾ, ಇವತ್ತಿನ ತನಕ?”

“ನೀನು ಹೇಳಿದ್ರೆ ತಾನೇ ಆಡೋದು. ಆ ಬಸ್ ನಿಲ್ದಾಣದವನಿಗೆ ಗೊತ್ತು, ನನಗೆ ಗೊತ್ತಿಲ್ಲ.”

“ಎಡಗಡೆ ಬಂದು ನಿಂತ್ಕೊಳ್ಬೇಕಿತ್ತಾ ನಾನು? ನೀನು ತಲೆ ಎತ್ತದೆ ಪೊಟ್ಟಣ ತಳ್ಳೋಕೆ?”

ಚೀಲದಿಂದ ಬಟ್ಟೆ ತೆಗೆದು ಒಂದೊಂದಾಗಿ ಮಡಚಿ ಕಪಾಟಿನಲ್ಲಿಟ್ಟಳು. ನಾನು ಅಂಗಡಿಗೆ ಬಂದು ಕೂತೆ. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ, ಅದೇ ಕಷ್ಟ.

ಜೂನ್ 20, ಗುರುವಾರ

ಸ್ನೇಹಿತನಿಗೆ ಫೋನ್ ಮಾಡಿ ಶುಕ್ರವಾರ ಬೇಡ ಎಂದೆ. ಅವನಿಗೆ ಬೇಸರವಾಯಿತು. ಆಗಲಿ.

ಮಧ್ಯಾಹ್ನ ಗಿಣಿ ಗೋಡೆ ಹಿಡಿದುಕೊಂಡೇ ಇಳಿದು ಬಂದು ಹಿಂದಿನ ಕೋಣೆಯಲ್ಲಿ ಕೂತಳು. ನರ್ಸಮ್ಮ ಶುರು ಮಾಡುವ ಮೊದಲೇ ಎದ್ದು ನಿಂತಿರಬೇಕು, ದನಿ ಮೇಲಿನಿಂದ ಬಂತು. “ನನಗೆ ಹನ್ನೆರಡು ದಿನ ಹೋಗುತ್ತೆ. ಮೂರು ವರ್ಷದಿಂದ. ಯಾರಿಗೂ ಹೇಳಿಲ್ಲ. ಈಗ ಗೊತ್ತಾದವ್ರು ಗರ್ಭಕೋಶ ತೆಗೆಸಿಬಿಡು ಅಂತಾರೆ. ತೆಗೆಸ್ಲೇಬೇಕಾ?”

ನರ್ಸಮ್ಮ ಹೇಳಿದ್ದು ಇಷ್ಟು. ತೆಗೆಸಲೇಬೇಕಾದವರೂ ಇದ್ದಾರೆ, ಬೇಡದವರೂ ಇದ್ದಾರೆ. ಮೊದಲು ಕಾರಣ ಗೊತ್ತಾಗಬೇಕು. ಸ್ಕ್ಯಾನ್ ಆಗಬೇಕು, ಒಳಪದರದ ಚೂರು ತೆಗೆದು ಪರೀಕ್ಷೆ ಆಗಬೇಕು. ಆಮೇಲೆ ದಾರಿಗಳು ಎಷ್ಟಿವೆ ಎಂದು ಡಾಕ್ಟರು ಹೇಳುತ್ತಾರೆ, ಯಾವುದು ಎಂದು ನೀವು ಹೇಳುತ್ತೀರಿ. ಆಮೇಲೆ ಟೈಲರಮ್ಮ, “ನನ್ನ ಅಕ್ಕನಿಗೆ ಮೂವತ್ತನಾಲ್ಕಕ್ಕೇ ತೆಗೆಸಿದ್ರು, ಯಾಕೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ” ಎಂದಳು. ಇನ್ನೊಬ್ಬಳು ತನ್ನ ಮಗಳದ್ದು ಹೇಳಿದಳು. ನಾಲ್ಕಕ್ಕೆ ಮುಗಿಯಬೇಕಾದದ್ದು ಐದಾಯಿತು. ಯಾರೋ ಗಿರಾಕಿ ಶಟರ್ ತಟ್ಟಿದ, ಆಮೇಲೆ ಬನ್ನಿ ಎಂದು ಕಳಿಸಿದೆ.

ಜೂನ್ 22, ಶನಿವಾರ

ದೊಡ್ಡಾಸ್ಪತ್ರೆ. ಲೇಡಿ ಡಾಕ್ಟರು. ನರ್ಸಮ್ಮ ಜೊತೆಗೆ ಬಂದಳು, ನಾನೂ ಹೋದೆ, ಹೊರಗಿನ ಬೆಂಚಿನಲ್ಲಿ ಕೂತೆ. ಸ್ಕ್ಯಾನಿನಲ್ಲಿ ಮೂರು ಗಡ್ಡೆ, ಸಣ್ಣವು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಕಬ್ಬಿಣವನ್ನು ನೇರ ರಕ್ತಕ್ಕೇ ಡ್ರಿಪ್ ಹಾಕಿದರು. ರಿಪೋರ್ಟ್ ಬರಲು ಹತ್ತು ದಿನ.

ಗಡ್ಡೆ ಎಂದರೆ ಏನು ಎಂದು ನನಗೆ ಗೊತ್ತು, ಬಹುತೇಕ ಏನೂ ಅಲ್ಲ ಎಂದೂ ಗೊತ್ತು. ಇಪ್ಪತ್ತಾರು ವರ್ಷ ಜನರಿಗೆ ಗಾಬರಿಯಾಗ್ಬೇಡಿ ಎಂದು ಹೇಳಿದ ಬಾಯಿ ಇದು.

ಜೂನ್ 25, ಮಂಗಳವಾರ

ಏನೂ ಇಲ್ಲ. ಕಾಯುವುದು.

ಜೂನ್ 28, ಶುಕ್ರವಾರ

ಒಬ್ಬರಿಗೆ ಕೊಡಬೇಕಾದ ಮಾತ್ರೆ ಇನ್ನೊಬ್ಬರಿಗೆ ಕೊಡಲಿದ್ದೆ, ಅವರೇ ನೋಡಿ ಹೇಳಿದರು. ಹೀಗೆ ಎಂದೂ ಆಗಿರಲಿಲ್ಲ. ಸಂಜೆಯ ಮೊದಲೇ ಬಾಗಿಲು ಹಾಕಿದೆ.

ಗಿಣಿ ಬಾಲ್ಕನಿಯಲ್ಲಿ ಕೂತು ಕೆಳಗೆ ವ್ಯಾನ್ ನಿಲ್ಲುತ್ತಿದ್ದ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಕೂತೆ. ಅಪ್ಪ ಅಮ್ಮ ಹೋದ ವರ್ಷ ಇವಳಿಗೆ ಹದಿಮೂರು, ನನಗೆ ಇಪ್ಪತ್ತೈದು. ಆ ವರ್ಷ ಒಂದು ದಿನ ಶಾಲೆಯಿಂದ ಅಳುತ್ತಾ ಬಂದು ಬಾಗಿಲು ಹಾಕಿಕೊಂಡಿದ್ದಳು. ನಾನು ಪಕ್ಕದ ಮನೆಯ ಅಜ್ಜಿಯನ್ನು ಕರೆದು, ಹೊರಗೆ ಹೋಗಿಬಿಟ್ಟಿದ್ದೆ. ಸಂಜೆವರೆಗೂ ರಸ್ತೆ ಸುತ್ತಿ ಬಂದೆ. ಅವತ್ತು ಬಾಗಿಲು ತಟ್ಟಿ “ಏನಾಯ್ತು ಪುಟ್ಟ” ಎಂದು ಕೇಳಿದ್ದರೆ ಸಾಕಿತ್ತು.

ಜುಲೈ 2, ಮಂಗಳವಾರ

ಏನೂ ಇಲ್ಲ. ಕೆಟ್ಟದ್ದು ಏನೂ ಇಲ್ಲ. ರಿಪೋರ್ಟ್ ನಾನೇ ಮೂರು ಸಲ ಓದಿದೆ, ಡಾಕ್ಟರಮ್ಮ ನಕ್ಕು, “ನಾಲ್ಕನೇ ಸಲ ಓದಿದ್ರೂ ಅದೇ ಇರುತ್ತೆ ಸರ್” ಎಂದರು.

ಆಸ್ಪತ್ರೆಯ ಹೊರಗೆ ಬಂದು ಕಬ್ಬಿನ ಹಾಲು ಕುಡಿದೆವು. ಗಿಣಿ ಎರಡು ಲೋಟ. ನನಗೆ ಸಕ್ಕರೆ ಕಾಯಿಲೆ ಇಲ್ಲ, ಆದರೂ ಒಂದೇ ಕುಡಿಯಬೇಕಿತ್ತು, ನಾನೂ ಎರಡು ಕುಡಿದೆ. ಇವತ್ತು ಎಷ್ಟು ಹಗುರವಾಗಿದೆ ಎಂದರೆ ಬರೆಯಲು ಬರುತ್ತಿಲ್ಲ.

ಜುಲೈ 8, ಸೋಮವಾರ

ರಿಪೋರ್ಟ್ ಬಂದ ದಿನವೇ ಡಾಕ್ಟರಮ್ಮ ನಾಲ್ಕು ದಾರಿ ಹೇಳಿದ್ದಾರೆ. ಬರೀ ಮಾತ್ರೆ. ಗರ್ಭಕೋಶದೊಳಗೆ ಕೂರಿಸುವ ಅರ್ಧ ಬೆರಳುದ್ದದ ಸಾಧನ, ಅದು ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಹಾರ್ಮೋನ್ ಬಿಡುತ್ತಾ ರಕ್ತ ಕಡಿಮೆ ಮಾಡುತ್ತದೆ. ಗಡ್ಡೆ ಮಾತ್ರ ತೆಗೆಯುವ ಆಪರೇಷನ್. ಪೂರ್ತಿ ಗರ್ಭಕೋಶವನ್ನೇ ತೆಗೆಯುವ ಆಪರೇಷನ್, ಅದಾದರೆ ಕೆಲವು ವಾರ ಗಾಡಿ ಮುಟ್ಟುವ ಹಾಗಿಲ್ಲ. ಯೋಚಿಸಿ ಹೇಳಿ, ಅವಸರವಿಲ್ಲ ಎಂದಿದ್ದಾರೆ. ಗಿಣಿ ಒಂದು ವಾರ ಸಮಯ ಕೇಳಿದ್ದಳು.

ವಾರವಿಡೀ ನಾಲಿಗೆ ಕಚ್ಚಿಕೊಂಡಿದ್ದೇನೆ. ಇವತ್ತು ಊಟಕ್ಕೆ ಕೂತಾಗ ಅವಳೇ ಕೇಳಿದಳು.

“ನೀನಾಗಿದ್ರೆ ಯಾವುದು ಅಂತಿದ್ದೆ?”

ನನ್ನ ಉತ್ತರ ತುದಿ ನಾಲಿಗೆಯಲ್ಲಿತ್ತು. ನುಂಗಿಕೊಂಡೆ.

“ನಾನಲ್ವಲ್ಲ” ಎಂದೆ.

ಅವಳು ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದಳು. ಆಮೇಲೆ ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು. “ಅಯ್ಯೋ, ಇದನ್ನ ಹೇಳೋಕೆ ಎಷ್ಟು ಕಷ್ಟಪಟ್ಟೆ ನೀನು” ಎಂದಳು. ನೀರು ಕೊಟ್ಟೆ. ಸಾಧನವನ್ನೇ ಆರಿಸಿದ್ದಾಳೆ. ಬೇಡವಾದರೆ ತೆಗೆಸಬಹುದು, ಅದೇ ಇಷ್ಟವಾಯಿತು ಅವಳಿಗೆ.

ಜುಲೈ 11, ಗುರುವಾರ

ತೂಕದ ಯಂತ್ರವನ್ನು ಬಾಗಿಲ ಹೊರಗಿಟ್ಟೆ. ಎಡತುದಿಯಲ್ಲಿದ್ದ ಪೊಟ್ಟಣಗಳ ದಾರ ಬಿಚ್ಚಿ ಪ್ಯಾಡುಗಳನ್ನು ಸೈಜಿನ ಪ್ರಕಾರ ಹಲ್ಲುಜ್ಜುವ ಪೇಸ್ಟಿನ ಪಕ್ಕದ ಕಪಾಟಿಗೆ ಜೋಡಿಸಿದೆ, ಬಟ್ಟೆಯವನ್ನೂ ಕಪ್ಪನ್ನೂ ಸಹ. ಸುತ್ತಿ ಕೊಡಿ ಎಂದವರಿಗೆ ಸುತ್ತಿಕೊಡುವುದೇ. ಸಂಜೆ ಒಂದು ಹುಡುಗಿ ಅಭ್ಯಾಸಬಲದಿಂದ ಖಾಲಿ ತುದಿಯಲ್ಲಿ ಬಂದು ನಿಂತಳು. ಯಾವುದು ಬೇಕಮ್ಮ ಎಂದು ಕೇಳಿದೆ. “ಅಂಕಲ್, ನೀವು ಯಾವಾಗ್ಲೂ ಕೊಡೋದು ನನಗೆ ತುರಿಸುತ್ತೆ, ಬೇರೆ ಇದೆಯಾ?” ಎಂದಳು. ಎಷ್ಟು ದಿನದಿಂದ ಎಂದೆ. ಎರಡು ವರ್ಷದಿಂದ ಎಂದಳು.

ಎರಡು ವರ್ಷ ನಾನು ಕೊಟ್ಟದ್ದನ್ನೇ ಒಯ್ದಿದ್ದಾಳೆ. ಹತ್ತಿಯದ್ದು ಕೊಟ್ಟೆ, ಕಡಿಮೆಯಾಗದಿದ್ದರೆ ಗುರುವಾರ ಬಾ ಎಂದೆ.

ಜುಲೈ 15, ಸೋಮವಾರ

ಸಾಧನ ಹಾಕಿಸಿದ್ದಾಯಿತು. ಒಪ್ಪಿಗೆಯ ಕಾಗದ ಬಂದಾಗ ನಾನು ಪೆನ್ನು ತೆಗೆದೆ. “ನಿಮ್ಮದು ಬೇಡ ಸರ್, ಅವ್ರದ್ದೇ ಸಾಕು” ಎಂದರು. ಪೆನ್ನನ್ನು ಅವಳಿಗೆ ಕೊಟ್ಟೆ. ನೋವಾಯಿತಂತೆ, ಸ್ವಲ್ಪ ಹೊತ್ತು ಮಾತ್ರ. ಮೊದಲ ಕೆಲವು ತಿಂಗಳು ಆಗಾಗ ಕಲೆ ಕಾಣಬಹುದು, ಹೆದರಬೇಡಿ ಎಂದಿದ್ದಾರೆ.

ಆಗಸ್ಟ್ 12, ಸೋಮವಾರ

ಹಿಮೋಗ್ಲೋಬಿನ್ ಹನ್ನೊಂದೂಕಾಲು. ವ್ಯಾನ್ ಕೊಟ್ಟಿದ್ದಾರೆ. ಬೆಳಿಗ್ಗೆ ಆರೂವರೆಗೆ ತೊಳೆಯುತ್ತಿದ್ದಳು, ಇಡೀ ಬೀದಿಗೆ ಕೇಳುವ ಹಾಗೆ ಹಾಡಿಕೊಂಡು. ರಾಗ ಎಲ್ಲಿಂದ ಎಲ್ಲಿಗೋ ಹೋಗುತ್ತಿತ್ತು. ಇಷ್ಟು ಕೆಟ್ಟದಾಗಿ ಹಾಡುತ್ತಾಳೆಂದು ಮರೆತೇಹೋಗಿತ್ತು, ಮೂರು ವರ್ಷದಿಂದ ಹಾಡಿರಲಿಲ್ಲ.

ಕೇಂದ್ರದ ಚಾವಣಿ ರಿಪೇರಿ ಮುಗಿದಿದೆಯಂತೆ. ಗುರುವಾರ ಇಲ್ಲೇ ಇರಲಿ ಎಂದು ನರ್ಸಮ್ಮನಿಗೆ ಹೇಳಿದೆ. ಅಲ್ಲಿ ಫ್ಯಾನ್ ಸರಿಯಿಲ್ಲ.

ಅಕ್ಟೋಬರ್ 17, ಗುರುವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ, ಎಲ್ಲ ಚೆನ್ನಾಗಿದೆ.

ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. ಗಿಣಿ ಬಚ್ಚಲಿನಿಂದ ಕೂಗಿದಳು, “ಅಣ್ಣ, ಮುಟ್ಟಾಗಿದೀನಿ. ಅಂಗಡಿಯಿಂದ ಒಂದು ಸಣ್ಣ ಪ್ಯಾಕೆಟ್ ತಂದ್ಕೊಡು, ದೊಡ್ಡದು ಬೇಡ.” ಹಾಲು ಉಕ್ಕುವುದರಲ್ಲಿತ್ತು. “ಬಂದೆ ಇರು, ಹೊಟ್ಟೆ ನೋವಿದ್ಯಾ?” ಎಂದೆ. “ಇಲ್ಲ, ಸ್ವಲ್ಪಾನೇ ಹೋಗ್ತಿದೆ” ಎಂದಳು. ಒಲೆ ಆರಿಸಿ, ಕೆಳಗಿಳಿದು, ಕಪಾಟಿನಿಂದ ತಂದು ಬಾಗಿಲ ಬಳಿ ಕೊಟ್ಟೆ. ಏಳಕ್ಕೆ ಅವಳು ವ್ಯಾನ್ ತೆಗೆದುಕೊಂಡು ಹೊರಟಳು.

ಹಾಲು ಉಕ್ಕಲಿಲ್ಲ.